ಕರಪತ್ರದಲ್ಲಿ ಉಳಿದ ಕೈ

ಅಕ್ಕಾ,

ಇವತ್ತು ಒಂದು ಪಕ್ಷದವರು ನಿನ್ನನ್ನು ಕರಪತ್ರ ಮಾಡಿ ನನ್ನ ಹೊಲಿಗೆ ಅಂಗಡಿಗೆ ತಂದಿದ್ದರು. ನೀನು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಆ ಪಾಪಿ ನುಗ್ಗಿ ಗುಂಡು ಹಾರಿಸಿ ನಿನ್ನನ್ನು ಕೊಂದಾಗ ಇವರಲ್ಲಿ ಒಬ್ಬನೂ ಈ ಕಡೆ ತಲೆ ಹಾಕಲಿಲ್ಲ. ಈಗ ಚುನಾವಣೆ ನೋಡು, ನಿನ್ನ ಮೇಲೆ ಎಲ್ಲಿಲ್ಲದ ಅಕ್ಕರೆ.

ಕರಪತ್ರದಲ್ಲಿರೋದು ನಿನ್ನ ಅಂಗಡಿ ಮುಂದೆ ನಾವಿಬ್ಬರೂ ತೆಗೆಸಿಕೊಂಡ ಫೋಟೋ. ಅವತ್ತು ನೀನು ಕಾಫಿ ಕುಡಿದು ಹೋಗೇ ಅಂದಿದ್ದೆ. ನನಗೆ ಯಾರದೋ ಪ್ಯಾಂಟಿನ ಅಂಚು ಹೊಲಿಯೋದಿತ್ತು. ಈಗ ನನ್ನನ್ನು ಕತ್ತರಿಸಿ ಬಿಸಾಕಿದ್ದಾರೆ, ನಿನ್ನ ಹೆಗಲ ಮೇಲಿದ್ದ ನನ್ನ ಕೈ ಮಾತ್ರ ಉಳಿದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, 'ಇವರ ಬಳಿಯೂ ಬಂದೂಕು ಇದ್ದಿದ್ದರೆ?' ನಿನ್ನ ಬಳಿ! ಜಿರಳೆ ಕಂಡರೂ ನನ್ನನ್ನು ಕೂಗುತ್ತಿದ್ದವಳು ನೀನು.

"ಪಾಪ, ಈಯಮ್ಮನ ಮುಖ ನೋಡಿಯಾದ್ರೂ ನಮಗೆ ಓಟು ಹಾಕಿ ಮೇಡಂ, ಎಲ್ಲರಿಗೂ ಬಂದೂಕಿನ ಲೈಸೆನ್ಸ್ ಕೊಡಿಸ್ತೀವಿ," ಅಂದ ಪ್ರಚಾರದವನು.

ಅಳತೆ ಕೊಡೋಕೆ ಬಂದಿದ್ದ ಟೀಚರು, "ಎದುರು ಪಕ್ಷದವರೂ ಇದೇ ಫೋಟೋ ಹಾಕಿದ್ದಾರಲ್ರೀ, ಬಂದೂಕೇ ಬೇಡ ಅಂತ," ಅಂದರು.

"ಅವರದ್ದೆಲ್ಲ ಬರೀ ನಾಟಕ ಬಿಡಿ."

ಸೂಜಿ ಚುಚ್ಚದಿರಲಿ ಅಂತ ನಾನು ಬೆರಳಿಗೆ ಕೆಂಪು ಬಟ್ಟೆ ಸುತ್ತಿಕೊಳ್ಳೋದನ್ನ ನೋಡಿ ನಗುತ್ತಿದ್ದೆಯಲ್ಲ, ಫೋಟೋದ ಕೈಯಲ್ಲೂ ಅದೇ ಕೆಂಪು. ಇವತ್ತೂ ಅದೇ ಬಟ್ಟೆ ಸುತ್ತಿದ್ದ ನನ್ನ ಕೈಯನ್ನು ಅದರ ಪಕ್ಕ ಇಟ್ಟೆ. ಟೀಚರು ಬಾಯಿಗೆ ಕೈ ಅಡ್ಡ ಹಿಡಿದರು. ಅವನೂ ನೋಡಿದ. ಅರ್ಥವಾಯಿತು. ಮುಖ ಅರಳಿತು.

"ಅಯ್ಯೋ, ನೀವು ಅವರ ತಂಗಿನಾ? ಕೈ ಹಾಗೇ ಇಟ್ಟುಕೊಂಡಿರಿ ಮೇಡಂ, ಒಂದು ಫೋಟೋ ತೆಗೀತೀನಿ."