ಪ್ರೇರಿ ಹೂವಿನ ಬೀಜ ಕೇಳಿದ ಮಗಳಿಗೆ

ಅಯೋವಾ,
ಅಕ್ಟೋಬರ್ 9, 2014

ಪ್ರೀತಿಯ ಬ್ರಿಟಾ,

ನೀನು, ಅಳಿಯ, ಮಗು ಎಲ್ಲ ಸುಖವೆಂದು ತಿಳಿದು ಸಮಾಧಾನವಾಯಿತು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಮುಸುಕಿನ ಜೋಳದ ಕಟಾವು ನಡೆದಿದೆ. ಪಕ್ಕದ ಹೊಲದ ಲೈಲ್ ಕುಂಬಳಕಾಯಿ ಕೊಟ್ಟುಹೋದ. ಪೈ ಮಾಡಿದೆ, ಒಬ್ಬಳಿಗೆ ಮುಗಿಯುವುದಿಲ್ಲ.

"ನಮ್ಮ ಬೀದೀಲಿ ಈಗ ಎಲ್ಲರೂ ಪ್ರೇರಿ ಕಾಡುಹೂವನ್ನೇ ಹಾಕ್ತಿದಾರಮ್ಮ, ನಿನ್ನ ಹತ್ರ ಬೀಜ ಇದ್ರೆ ಕಳಿಸು" ಎಂದು ಬರೆದಿದ್ದೀಯ. ಎಲ್ಲಿಂದ ಕಳಿಸಲಿ?

ರೈಲುಹಳಿಯ ಪಕ್ಕ ಉಳಿದಿದ್ದ ಒಂದು ಪಟ್ಟಿ ಪ್ರೇರಿ ಹುಲ್ಲುಗಾವಲಿನಿಂದ ನಾನು ಆ ಬೀಜಗಳನ್ನು ಆಯ್ದು ತಂದು ಮನೆ ಮುಂದೆ ತೋಟ ಮಾಡಿದ್ದೆ. ಮರುವರ್ಷ ಆ ನೆಲವನ್ನೂ ಉತ್ತುಬಿಟ್ಟರು. ದಿಕ್ಸೂಚಿ ಗಿಡವೊಂದೇ ಹೂ ಬಿಡಲು ಎಂಟು ವರ್ಷ ಕಾಯಿಸಿತು.

ನಿನ್ನ ಮದುವೆಗೆ ತಿಂಗಳಿದೆ ಎನ್ನುವಾಗ, ತಂಗಿಯ ಮನೆಯಲ್ಲಿ ಎರಡು ವಾರವಿದ್ದು ಮರಳಿದೆ. ನಿಮ್ಮಪ್ಪ ಕಳೆನಾಶಕ ಹೊಡೆದು, ಸತ್ತ ಗಿಡಗಳನ್ನು ಕೊಚ್ಚಿ, ಲಾನ್ ಹುಲ್ಲು ಹಾಸುತ್ತಿದ್ದರು.

"ಕಳೆ ಕಣೇ ಅದು. ಮದ್ವೆಗೆ ಬರೋರು ಏನಂದ್ಕೋತಾರೆ?" ಎಂದರು, ನನ್ನ ಮುಖ ನೋಡದೆ.

ನೀನು ನನ್ನನ್ನು ತಬ್ಬಿಕೊಂಡು, "ಅಪ್ಪಂಗೆ ಕರುಣೆ ಅನ್ನೋದೇ ಇಲ್ವಲ್ಲಮ್ಮ" ಎಂದು ಅತ್ತೆ.

ಆಮೇಲೆ ಆರು ವರ್ಷ, ತಟ್ಟೆ ಮುಂದಿಡುವುದು ಬಿಟ್ಟರೆ ಅವರ ಜೊತೆ ನನಗೆ ಬೇರೆ ಮಾತಿರಲಿಲ್ಲ. ಕಳೆದ ಮಾರ್ಚಿನಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆ ನನ್ನ ಕೈಗಾಗಿ ತಡಕಾಡಿದರು. ಇದನ್ನು ನಿನಗೆ ಹೇಳಿರಲಿಲ್ಲ.

"ಮಾರ್ಲಿಸ್, ಆ ತೋಟದ ವಿಷ್ಯ ಈಗ್ಲಾದ್ರೂ ಬಿಟ್ಬಿಡೇ."

"ನೀವು ಸತ್ತರೂ ಬಿಡಲ್ಲ" ಎಂದೆ. ಕೈ ಕೊಡಲಿಲ್ಲ. ಮರುದಿನ ಹೋಗಿಬಿಟ್ಟರು.

ಮಗುವಿಗೆ ಉಣ್ಣೆಯ ಟೋಪಿ ಹೆಣೆದು ಇದರ ಜೊತೆ ಕಳಿಸಿದ್ದೇನೆ, ಕಿವಿ ಮುಚ್ಚುವಂತೆ ಹಾಕು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ನಿನ್ನ ಮಗಳು ನಿನಗೆ ನಿಜ ಹೇಳುವ ಮಗಳಾಗಲಿ.

ನಿನ್ನ ಅಮ್ಮ,
ಮಾರ್ಲಿಸ್

ತಾ.ಕ.: ಚರ್ಚಿಗೆ ಕೊಡೋಣವೆಂದು ಕಳೆದ ತಿಂಗಳು ನಿಮ್ಮಪ್ಪನ ಬಟ್ಟೆ ತೆಗೆದೆ. ನಿನ್ನ ಮದುವೆಯಲ್ಲಿ ಹಾಕಿದ್ದ ಕೋಟಿನ ಒಳಜೇಬಿನಲ್ಲಿ ಒಂದು ಚೀಟಿಯಿತ್ತು. ಬರಹ ನಿನ್ನದು. "ಅಪ್ಪಾ, ಫೋಟೋದಲ್ಲಿ ಅಮ್ಮನ ಕಳೆಗಿಡ ಕಾಣಬಾರದು. ಅವಳು ಚಿಕ್ಕಮ್ಮನ ಮನೆಗೆ ಹೋದಾಗ ಎಲ್ಲ ತೆಗೆಸಿಬಿಡು. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ."

ಅವರು ಹೇಳಲಿಲ್ಲ.