ಗುಡ್ಡ ಹತ್ತಿದಂತೆ ತೆಳುವಾದ ಹಾಡು

ಪೋರ್ಟೊರಿಕೊ ದ್ವೀಪ, ಗುಡ್ಡದ ಕೊನೆಮನೆ
ಡಿಸೆಂಬರ್ ನಲವತ್ತೊಂದು, ೨೨೯೬

ಹಿಂದಿನ ಕಾಲದವರೇ,

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಹಾಡುವವರು ಕೊನೆಮನೆ ಮುಟ್ಟುವವರೆಗೆ ನಮ್ಮಲ್ಲಿ ಡಿಸೆಂಬರ್ ಮುಗಿಯುವುದಿಲ್ಲ. ಆ ಮನೆ ನನ್ನದು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕ್ರಿಸ್‌ಮಸ್ಸಿನ ಸ್ಪ್ಯಾನಿಷ್ ಹಾಡುಗಳು ನಿಮ್ಮ ಕಾಲದಲ್ಲೂ ಇದ್ದವಂತೆ. ಒಂದು ಮನೆಯ ಮುಂದೆ ಗಿಟಾರು ನುಡಿಸಿ ಹಾಡಿದರೆ ಮನೆಯವರು ಬಾಗಿಲು ತೆರೆದು, ತಿನ್ನಲು ಕೊಟ್ಟು, ತಾವೂ ಹಾಡುತ್ತ ಮುಂದಿನ ಮನೆಗೆ ಹೊರಡಬೇಕು. ಹಾಗಾಗಿ ಗುಡ್ಡ ಹತ್ತಿದಂತೆ ಹಾಡು ದೊಡ್ಡದಾಗುತ್ತದೆ. ನನ್ನ ಅಂಗಳಕ್ಕೆ ಬರುವ ಹೊತ್ತಿಗೆ ಅಡುಗೆಮನೆಯ ಪಾತ್ರೆಗಳು ಅದುರುತ್ತಿದ್ದವು. ನಾನು ಬೈಯುತ್ತಲೇ ಬಾಳೆಎಲೆಯ ಕಡುಬು ಬಡಿಸುತ್ತಿದ್ದೆ. ಒಂದು ವರ್ಷವೂ ಅದು ಸಾಲಲಿಲ್ಲ.

ಈ ವರ್ಷ ಕಿವಿಗಂಬಗಳು ಬಂದಿವೆ. ಗೋಡೆಗೂ ಕಿವಿಯಿದೆ ಎನ್ನುತ್ತಿದ್ದಿರಂತೆ. ನಮ್ಮಲ್ಲಿ ಕದ್ದು ಕೇಳಲೆಂದೇ ಸರ್ಕಾರದವರು ದಾರಿಯುದ್ದಕ್ಕೂ ಕಂಬ ನೆಟ್ಟಿದ್ದಾರೆ. ದ್ವೀಪದ ಭಾಷೆಯಾದ ಸ್ಪ್ಯಾನಿಷ್‌ನಲ್ಲಿ ಹಾಡುವುದು ಈಗ ಅಪರಾಧ. ಪೂರ್ತಿ ಒಂದು ಪದ್ಯವನ್ನು ಒಂಟಿ ದನಿಯಲ್ಲಿ ಕೇಳಿದರೆ ಕಂಬ ಆ ದನಿ ಯಾರದೆಂದು ಗುರುತಿಸುತ್ತದೆ; ಬೆಳಗಾದರೆ ಅವರಿರುವುದಿಲ್ಲ. ಹತ್ತಾರು ದನಿ ಬೆರೆತರೆ ಅದಕ್ಕೆ ಯಾರೂ ಸಿಗುವುದಿಲ್ಲ. ಇದು ಗುಡ್ಡದಲ್ಲಿ ಎಲ್ಲರಿಗೂ ಗೊತ್ತು.

ಇಂದು ಸಂಜೆ ಕೆಳಗಿನಿಂದ ಹಾಡು ಎದ್ದಿತು. ಮುಂದೆ ನಿಂತು ಹಾಡಿಸುವವಳು ನನ್ನ ಮಗಳು ಯಾರಿಟ್ಸಾ. ಒಂದೊಂದು ಮನೆ ದಾಟಿದಂತೆ ಹಾಡು ತೆಳುವಾಗುತ್ತ ಬಂತು. ಜನರನ್ನು ಹಿಡಿದರೇನೋ ಎಂದು ಕಿಟಕಿಗೆ ಓಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಎಲಾದಿಯೊ ಏದುಸಿರು ಬಿಡುತ್ತ ಮೇಲೆ ಬಂದ.

“ಯಾರ್ನೂ ಹಿಡ್ದಿಲ್ಲ ಕಣಕ್ಕ. ಎಲ್ರೂ ಬರ್ತಾವ್ರೆ. ಬಾಯಿ ಮಾತ್ರ ಬಿಡ್ತಿಲ್ಲ. ಪಕ್ಕದೋರು ಹಾಡ್ತಾರಲ್ಲ, ನಾನ್ಯಾಕೆ ಅಂತ ಒಬ್ಬೊಬ್ರೇ ಸುಮ್ನಾದ್ರು.”

“ನೀನು?”

“ನಾನೂ ಅಷ್ಟೇ ಕಣಕ್ಕ,” ಎಂದು ಅವನು ಅಂಗಳದ ಮೂಲೆಗೆ ಸರಿದ.

ಕೆಳಗಿನ ತಿರುವಿನಲ್ಲಿ ಮಗಳ ಜೊತೆ ಇನ್ನೊಂದು ದನಿಯಿತ್ತು. ಈ ಸಾಲು ಬರೆಯುವಷ್ಟರಲ್ಲಿ ಅದೂ ನಿಂತಿತು. ಅವಳು ನಿಲ್ಲಿಸುವವಳಲ್ಲ, ನನ್ನಂತೆಯೇ ಹಟಮಾರಿ. ನನಗೆ ತುಂಬ ಭಯವಾಗುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನಿಮ್ಮಲ್ಲಿ ಒಂದೇ ಬೇಡಿಕೆ. ಅಂಗಳದಲ್ಲಿ ಯಾರಾದರೂ ಹಾಡಿದರೆ ಚಪ್ಪಾಳೆ ತಟ್ಟಿ ಸುಮ್ಮನಾಗಬೇಡಿ. ಪಲ್ಲವಿಯನ್ನಾದರೂ ಜೊತೆಗೆ ಹಾಡಿ, ಮಕ್ಕಳಿಗೂ ಅದನ್ನೇ ರೂಢಿ ಮಾಡಿಸಿ. ಕೇಳುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಮಗಳು ಬೇಲಿಯ ಹತ್ತಿರ ಬಂದಳು. ಕಂಬ ಇರುವುದೂ ಅಲ್ಲೇ. ಹೊಸ ಪದ್ಯ ಎತ್ತಿಕೊಂಡಳು. ನನ್ನದು ಕಾಗೆದನಿ, ಎರಡು ದನಿ ಸಾಕೋ ಸಾಲದೋ ಗೊತ್ತಿಲ್ಲ. ಕಂಬಕ್ಕೆ ಇಬ್ಬರೂ ಸಿಕ್ಕರೆ ಸಿಗಲಿ, ಅವಳೊಬ್ಬಳೇ ಸಿಗಬಾರದು. ಬಾಗಿಲು ತೆರೆಯುತ್ತಿದ್ದೇನೆ.

ನಿಮ್ಮ
ಮಿಗ್ದಾಲಿಯಾ