ಅರ್ಧದಾರಿಯಲ್ಲಿ ನಿಂತ ಕೋಶಗಳು

ಅಕ್ಕಾ,

ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಪುಟ್ಟಿಯ ಮಿದುಳಿನ ಚಿತ್ರ ತೋರಿಸಿದರು. ಮಗು ಹೊಟ್ಟೆಯಲ್ಲಿರುವಾಗ ನರಕೋಶಗಳು ಮಿದುಳಿನ ಒಳಗಿನಿಂದ ಹೊರಪದರಕ್ಕೆ ನಡೆದು ಹೋಗಬೇಕಂತೆ. ದಾರಿ ತೋರಿಸುವ ಜೀನ್ ಕೆಟ್ಟು, ಕೆಲವು ಅರ್ಧದಾರಿಯಲ್ಲೇ ನಿಂತಿವೆಯಂತೆ. ಫಿಟ್ಸ್ ಬರುವುದು ಅದಕ್ಕೇ. ನನಗೆ ಅರ್ಥವಾದದ್ದು ಇಷ್ಟೇ.

"ಇದು ಯಾರ ಕಡೆಯಿಂದ ಬಂದಿದ್ದು?" ಎಂದು ನಮ್ಮ ಯಜಮಾನರು ಕೇಳಿಯೇಬಿಟ್ಟರು.

"ರಕ್ತ ಪರೀಕ್ಷೆಯಲ್ಲಿ ನಿಮ್ಮಿಬ್ಬರ ಜೀನೂ ಸರಿಯಾಗೇ ಇದೆ. ಮಗುವಲ್ಲೇ ಹೊಸದಾಗಿ ಆಗಿರೋದು. ಯಾರ ತಪ್ಪೂ ಅಲ್ಲ," ಎಂದರು ಡಾಕ್ಟರಮ್ಮ.

ಇದೇ ಮಾತಿಗೆ ನಾವು ಹಾವು ಮುಂಗುಸಿಯಂತೆ ಕಾದಾಡಿದ್ದು ನಿನಗೆ ಗೊತ್ತು. ಹೊರಗೆ ಬೆಂಚಿನ ಮೇಲೆ ಕುಳಿತ ಮೇಲೆ ಇವರು, "ಇನ್ನು ಯಾರನ್ನ ಬೈಯೋದು ಕಣೇ?" ಎಂದರು. ಪುಟ್ಟಿ ನಮ್ಮಿಬ್ಬರ ತೊಡೆಯ ಮೇಲೂ ಚಾಚಿಕೊಂಡು ನಿದ್ದೆಹೋಗಿದ್ದಳು. ಹೊಸ ಮಾತ್ರೆ ಅವಳಿಗೆ ಒಗ್ಗಿದೆ. ಕಾಲು ಜೋಮು ಹಿಡಿದರೂ ನಾವಿಬ್ಬರೂ ಏಳಲಿಲ್ಲ.

ಅವಸರದಲ್ಲಿ,
ನಿನ್ನ ತಂಗಿ